ಕೊಡೆ ಯಾಕೂಬರೂ ಹಾಲೂಡಿಸುವ ಬಾವಲಿಯೂ

ಮಳೆಗೆ ಮುಂಚೆ ಕೊಟ್ಟ ಮಾತನ್ನು ಮಳೆ ಬೀಳುವ ಮುಂಚೆಯೇ ನಡೆಸಿಕೊಟ್ಟವರು. ಕೈಗೆ ಬಂದ ವಸ್ತು ಬಡವನದೋ ಬಲ್ಲಿದನದೋ ಎಂದು ನೋಡಿ ಎರಡು ಬಗೆಯ ಹೊಲಿಗೆಯನ್ನು ಹಾಕದವರು. ಐದು ಹೊತ್ತಿನ ನಮಾಜಿಗೆ ತಪ್ಪದವರಾಗಿಯೂ ತಪ್ಪಿದವರ ಕಡೆಗೆ ಬೆರಳು ತೋರದವರು. ಬಸದಿಯ ಮುಂದೆಯೋ ದೈವದ ಗುಡಿಯ ಮುಂದೆಯೋ ಹಾದುಹೋಗುವಾಗ ತಮ್ಮ ಮಾತಿನ ಧ್ವನಿಯನ್ನು ತಾವಾಗಿಯೇ ತಗ್ಗಿಸಿದವರು. ಬುತ್ತಿಯನ್ನು ಬಿಚ್ಚುವುದರಲ್ಲಿ ಮೊದಲಿಗರೂ ಉಣ್ಣುವುದರಲ್ಲಿ ಕೊನೆಯವರೂ ಆದವರು. ನಗುವಾಗ ಸದ್ದು ಮಾಡದೆ, ಸಿಟ್ಟಾದಾಗ ಸುದ್ದಿ ಮಾಡದೆ ಬಾಳಿದವರು. ತಪ್ಪಾಯಿತೆಂದು ತಿಳಿದ ಕ್ಷಣಕ್ಕೂ ‘ತಪ್ಪಾಯಿತು’ ಎಂದು ಬಾಯಿಬಿಟ್ಟು ಹೇಳುವ ಕ್ಷಣಕ್ಕೂ ನಡುವೆ ಎಡೆಯನ್ನೇ ಇಡದವರು. ಇಂಥವರೊಬ್ಬರು ಬಂಟ್ವಾಳದ ಪಕ್ಕದ ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ದಡದಲ್ಲಿ, ಯಾವ ಬಿರುದೂ ಇಲ್ಲದೆ ಬದುಕುತ್ತಿದ್ದಾರೆ. ಹೆಸರು ಯಾಕೂಬ್. ಊರು ಕರೆಯುವುದು ಕೊಡೆ ಯಾಕೂಬರೆಂದು.

ಅವರ ಮನೆತನ ಆ ದಡದಲ್ಲಿ ಬೇರೂರಿ ಎಷ್ಟು ತಲೆಮಾರಾಯಿತೆಂಬುದನ್ನು ಮನೆಯವರೇ ಅರಿಯರು. ಅಜ್ಜ ದೋಣಿಯಲ್ಲಿ ಹಂಚು ಸಾಗಿಸಿದವರು; ತಂದೆ ಜೀನಸಿನ ಅಂಗಡಿ ಇಟ್ಟವರು; ತಮ್ಮಂದಿರಿಬ್ಬರು ಗಲ್ಫಿಗೆ ಹೋಗಿ ನೆಲೆಯಾದವರು. ಯಾಕೂಬರೂ ಒಮ್ಮೆ ತಮ್ಮಂದಿರ ಒತ್ತಾಯಕ್ಕೆ ಮಣಿದು ವಿಮಾನ ಹತ್ತಿದ್ದುಂಟು. ಎಂಟೇ ತಿಂಗಳಲ್ಲಿ ಹಿಂದಿರುಗಿದರು. ಕೇಳಿದವರಿಗೆಲ್ಲ ಅವರು ಕೊಟ್ಟ ಉತ್ತರ ಒಂದೇ: ಮಳೆಯೇ ಬಾರದ ಊರಿನಲ್ಲಿ ಕೊಡೆ ರಿಪೇರಿಯವನಿಗೆ ಏನು ಮರ್ಯಾದೆ?

ವರ್ಷವರ್ಷವೂ ಎಪ್ರಿಲ್ ತಿಂಗಳು ಕಾಲಿಟ್ಟೊಡನೆ ಅವರ ಸಂಚಾರ ಮೊದಲಾಗುತ್ತಿತ್ತು. ಹೆಗಲಿಗೆ ತಗಡಿನ ಪೆಟ್ಟಿಗೆ, ಕಂಕುಳಲ್ಲಿ ಹಳೆಯ ಕೊಡೆಗಳ ಕಟ್ಟು. ಒಂದು ದಿನ ಮೂಡುಬಿದಿರೆಯ ಪೇಟೆಯಲ್ಲಿ, ಒಂದು ದಿನ ಬೆಳ್ತಂಗಡಿಯ ಬಸ್ಸು ನಿಲ್ಲುವೆಡೆಯಲ್ಲಿ, ಹೋಗಿಬರುವ ದಾರಿಯಲ್ಲಿ ಪುಂಜಾಲಕಟ್ಟೆಯ ಅಂಗಡಿಯೊಂದರ ಜಗಲಿಯಲ್ಲಿ ಕುಳಿತು ಮುರಿದ ಕಡ್ಡಿಗೆ ಕಡ್ಡಿ ಜೋಡಿಸುವರು, ಹರಿದ ಬಟ್ಟೆಗೆ ತೇಪೆ ಹಾಕುವರು. ಮೊದಲ ಮಳೆ ಬಿದ್ದ ಮೇಲೆ ಊರಿನಲ್ಲೇ ಕೆಲಸ. ರಿಪೇರಿ ಮುಗಿದ ಕೊಡೆಯನ್ನು ಅವರು ಹಾಗೆಯೇ ಕೊಟ್ಟುಬಿಡುವವರಲ್ಲ. ಅದನ್ನು ಬಿಚ್ಚಿ, ಸೂರ್ಯನಿಗೆ ಎದುರಾಗಿ ಹಿಡಿದು, ಅದರೊಳಗೆ ತಮ್ಮ ತಲೆಯನ್ನು ತೂರಿಸಿ ನೋಡುವರು. ಸೂಜಿಯ ಮೊನೆಯಷ್ಟು ಬೆಳಕು ಕಂಡರೂ ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯುವರು. ತಮ್ಮ ಕೈಯಿಂದ ಒಂದೇ ಒಂದು ತೂತು ಹೊರಗೆ ಹೋಗಿಲ್ಲವೆಂಬುದು ಆ ವಿನಯಶೀಲರಿಗೆ ಇದ್ದ ಒಂದೇ ಒಂದು ಅಭಿಮಾನ.

ಆ ಅಭಿಮಾನವೇ ಅವರನ್ನು ಒಮ್ಮೆ ಎಡವಿಸಿತು. ಅದು ಸಾವಿರದ ಒಂಬೈನೂರ ತೊಂಬತ್ತೆಂಟನೆಯ ಇಸವಿ, ಜೂನ್ ತಿಂಗಳ ಮೊದಲ ವಾರ. ಮಗಳು ಜುವೈರಿಯಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಗಂಡುಮಗುವನ್ನು ಹೆತ್ತು ಐದು ದಿನಗಳಾಗಿದ್ದವು. ಯಾಕೂಬರು ಮುಂಜಾವದ ನಮಾಜು ಮುಗಿಸಿ ಮನೆಯ ಹಿಂದಿನ ಕಾಲುದಾರಿಯಿಂದ ಬರುತ್ತಿದ್ದರು. ಪಕ್ಕದ ತೆಂಗಿನ ಜಾಗಕ್ಕೆ ಹಾಕಿದ ಮುಳ್ಳುತಂತಿಯ ಬೇಲಿಯಲ್ಲಿ ಒಂದು ಕರಿಯ ಕೊಡೆ ಸಿಕ್ಕಿಕೊಂಡು ತೂಗುತ್ತಿತ್ತು. ಇರುಳಿನ ಗಾಳಿ ಯಾರ ಕೈಯಿಂದಲೋ ಕಸಿದುಕೊಂಡು ಬಂದು ಇಲ್ಲಿ ಎಸೆದಿರಬೇಕೆಂದು ಅವರು ಭಾವಿಸಿದರು. ಹರಿದ ಕೊಡೆಯನ್ನು ಕಂಡೂ ಕಾಣದಂತೆ ಹೋಗುವುದು ಅವರ ಜಾಯಮಾನದಲ್ಲೇ ಇಲ್ಲ. ಹತ್ತಿರ ಹೋಗಿ ಕೈಚಾಚಿದರು. ಆ ಕೊಡೆಗೆ ಎರಡು ಕಣ್ಣುಗಳಿದ್ದವು. ಅವು ಅವರನ್ನೇ ನೋಡುತ್ತಿದ್ದವು.

ಅದು ಹಣ್ಣು ತಿನ್ನುವ ದೊಡ್ಡ ಜಾತಿಯ ಬಾವಲಿ. ನಾಯಿಯ ಮೋರೆಯಂತಹ ಮೋರೆ, ಕೆಂಗಂದು ಬಣ್ಣದ ಕೊರಳು. ಎಡದ ರೆಕ್ಕೆಯ ತೊಗಲನ್ನು ಮುಳ್ಳುಗಳು ಐದಾರು ಕಡೆ ಸೀಳಿದ್ದವು. ಯಾಕೂಬರು ಮನೆಗೆ ಓಡಿಹೋಗಿ ಇಕ್ಕಳವನ್ನು ತಂದರು; ಕಚ್ಚದಿರಲೆಂದು ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಅದರ ತಲೆಯ ಮೇಲೆ ಹೊದಿಸಿ, ತಂತಿಯನ್ನು ಎರಡೂ ಬದಿಯಲ್ಲಿ ತುಂಡರಿಸಿ, ಕಂಕುಳ ಹತ್ತಿರ ನೆಟ್ಟಿದ್ದ ಕೊನೆಯ ಮುಳ್ಳನ್ನು ಮೆಲ್ಲಗೆ ಕಿತ್ತು ತೆಗೆದರು. ಕೊಡೆಯ ಕಡ್ಡಿಗಳನ್ನು ತಡವುವಂತೆಯೇ ರೆಕ್ಕೆಯ ಉದ್ದುದ್ದದ ಮೂಳೆಗಳನ್ನು ಒಂದೊಂದಾಗಿ ತಡವಿದರು. ಮೂಳೆ ಮುರಿದಿರಲಿಲ್ಲ. ಹರಿದದ್ದು ತೊಗಲು ಮಾತ್ರ. ಹರಿದದ್ದನ್ನು ಸರಿಮಾಡುವುದು ತಮ್ಮ ಕಸುಬೇ ಅಲ್ಲವೇ ಎಂಬ ಧೈರ್ಯ ಅವರಿಗೆ ಆಗಲೇ ಬಂದುಬಿಟ್ಟಿತು.

ಹಿಂಬಾಗಿಲಲ್ಲಿ ಹೆಂಡತಿ ಆಯಿಶಮ್ಮ ದಾರಿಗೆ ಅಡ್ಡವಾಗಿ ನಿಂತಿದ್ದರು.

“ಮನೆಯಲ್ಲಿ ಬಾಣಂತಿ ಉಂಟು, ಐದು ದಿನದ ಕೂಸು ಉಂಟು. ನೀವು ಬೆಳಿಗ್ಗೆ ಎದ್ದು ಬಾವಲಿಯನ್ನು ತರ್ತೀರಿ. ಊರಲ್ಲಿ ಬೇರೆ ಏನೂ ಸಿಗಲಿಲ್ಲವಾ ತರಲಿಕ್ಕೆ?”

ಯಾಕೂಬರು ಬೈರಾಸಿನ ಅಂಚನ್ನು ಸರಿಸಿ ತೋರಿಸಿದರು. ಬಾವಲಿಯ ಎದೆಗೆ, ರೆಕ್ಕೆಯ ಬುಡದಲ್ಲಿ, ಹೆಬ್ಬೆಟ್ಟಿನಂತಹ ತಲೆಯೊಂದು ಅಂಟಿಕೊಂಡಿತ್ತು. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದ್ದ ಮರಿ ಅದು. ತಾಯಿ ಇರುಳೆಲ್ಲ ಮುಳ್ಳಿನ ಮೇಲೆ ತೂಗಿದ್ದರೂ ಮರಿಯ ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಆಯಿಶಮ್ಮ ಬಗ್ಗಿ ನೋಡಿದರು. ನೋಡುತ್ತ ಅವರ ಧ್ವನಿ ಬೇರೆಯಾಯಿತು.

“ಇದೂ ಹೆತ್ತದ್ದಾ?” ಎಂದರು. ಆ ಮೇಲೆ ಬೈರಾಸನ್ನು ಮತ್ತೆ ಮುಚ್ಚಿ, “ಒಳಗೆ ಬೇಡ. ಸೌದೆ ಕೊಟ್ಟಿಗೆಯಲ್ಲಿ ಇರಲಿ. ಬಾಳೆಹಣ್ಣು ನಾನು ತರ್ತೇನೆ, ನಿಮಗೆ ಮಾಗಿದ್ದು ಯಾವುದು ಅಂತ ಗೊತ್ತಾಗುವುದಿಲ್ಲ” ಎಂದು ಹೇಳಿ ಒಳಗೆ ಹೋದರು.

ಹೀಗೆ ಒಂದೇ ಮನೆಯಲ್ಲಿ ಎರಡು ಬಾಣಂತನಗಳು ಆರಂಭವಾದವು. ಮಗಳಿಗೆ ಮೆಂತೆಗಂಜಿ, ಬಾವಲಿಗೆ ತೆಂಗಿನ ಹಾಲಿನಲ್ಲಿ ಕಿವುಚಿದ ಕದಳಿ ಹಣ್ಣು. ಮಗಳ ಕೋಣೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ. ಕೊಟ್ಟಿಗೆಯ ಬಾಗಿಲಿಗೆ, ಚಳಿಗಾಳಿ ನುಗ್ಗದಿರಲೆಂದು, ಗೋಣಿಯ ಪರದೆ.

ಬಾವಲಿಯ ಸುದ್ದಿ ಬೇಲಿಯನ್ನು ದಾಟಿ ಆಚೆ ಮನೆಗೆ ಹೋಗಲು ತಡವಾಗಲಿಲ್ಲ. ಆ ಮನೆಯವನು ಜತ್ತಪ್ಪ. ತೆಂಗಿನ ಮರವೇರಿ ಕಳ್ಳು ಇಳಿಸುವ ಮೂರ್ತೆದಾರ. ಯಾಕೂಬರಿಗಿಂತ ಹತ್ತು ವರ್ಷ ಕಿರಿಯ. ಕಳ್ಳನ್ನು ಮುಟ್ಟದವರೂ ಕಳ್ಳನ್ನೇ ನಂಬಿ ಬದುಕುವವನೂ ಇಪ್ಪತ್ತು ವರ್ಷಗಳಿಂದ ಒಂದೇ ಬೇಲಿಯ ಎರಡು ಮಗ್ಗುಲಲ್ಲಿ ಒಬ್ಬರನ್ನೊಬ್ಬರು ಕೆಣಕಿಕೊಂಡೇ ಸ್ನೇಹದಿಂದಿದ್ದರು.

“ಸಾಯ್ಬರೇ,” ಎಂದನು ಜತ್ತಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ನನ್ನ ಮಡಕೆಯ ಗಿರಾಕಿಯನ್ನು ಮನೆಗೆ ಕರೆದುಕೊಂಡು ಬಂದಿದ್ದೀರಂತೆ. ಇವುಗಳಿಂದಾಗಿ, ಇವು ತೂಗುವ ಗೋಳಿಮರದ ಹತ್ತಿರದ ತೆಂಗಿನಲ್ಲಿ ನನಗೆ ಅರ್ಧ ಮಡಕೆ ಕಳ್ಳೂ ಉಳಿಯುವುದಿಲ್ಲ.”

“ನಿನ್ನ ಗಿರಾಕಿ ಅಂತ ಮೊದಲೇ ಗೊತ್ತಿದ್ದರೆ ಬಾಯಿ ತೊಳೆಸಿಯೇ ಒಳಗೆ ಬಿಡ್ತಿದ್ದೆ ಮಾರಾಯ” ಎಂದರು ಯಾಕೂಬರು.

ಜತ್ತಪ್ಪ ನಕ್ಕನು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಅವನ ಮುದಿತಾಯಿಗೆ ದಮ್ಮಿನ ಕಾಯಿಲೆ. ಆಕಾಶದಲ್ಲಿ ಮೋಡ ಕಟ್ಟಿದರೆ ಸಾಕು, ಆಕೆಯ ಎದೆಯಲ್ಲಿ ತಿದಿ ಊದಿದಂತೆ ಸದ್ದಾಗುತ್ತಿತ್ತು. ಬಾವಲಿಯ ಮಾಂಸವನ್ನು ಬೇಯಿಸಿ ತಿನ್ನಿಸಿದರೆ ದಮ್ಮು ಇಳಿಯುವುದೆಂದು ಹಿರಿಯರು ಹೇಳುವುದನ್ನು ಅವನು ಕೇಳಿದ್ದನು, ಎಲ್ಲರೂ ಕೇಳಿದ್ದರು. ಆರೋಗ್ಯವಾಗಿರುವ ಬಾವಲಿಯನ್ನು ಹೊಡೆದು ಕೆಡಹಲು ಅವನಿಗೆ ಮನಸ್ಸು ಬಂದಿರಲಿಲ್ಲ. ಇದು ತಾನಾಗಿ ಬಿದ್ದದ್ದು, ರೆಕ್ಕೆ ಹರಿದದ್ದು, ಇನ್ನು ಹಾರದು. ಹಾರದ ಬಾವಲಿ ಹೇಗೂ ಬದುಕದು. ಸಾಯುವುದು ಸುಮ್ಮನೆ ಸಾಯುವ ಬದಲು ಒಂದು ಜೀವಕ್ಕೆ ಉಸಿರಾಗಲಿ ಎಂಬುದು ಅವನ ವಾದ. ಅದನ್ನು ಅವನು ಜೋರು ಮಾಡಿ ಹೇಳಲಿಲ್ಲ. ನೆಲವನ್ನು ನೋಡುತ್ತ ಹೇಳಿದನು.

ಆ ತಾಯಿಯ ಕೆಮ್ಮು ಬೇಲಿಯಾಚೆಯಿಂದ ಯಾಕೂಬರಿಗೂ ಕೇಳಿಸುತ್ತಿತ್ತು. ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಹೂಂ ಎನ್ನಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಅವರು ಮಗಳ ನಲವತ್ತನ್ನು ನೆನೆದರು. ಹೆತ್ತ ನಲವತ್ತನೆಯ ದಿನ ಬಾಣಂತಿಗೆ ಸ್ನಾನ ಮಾಡಿಸಿ, ನೆಂಟರಿಗೆ ಊಟವಿಕ್ಕಿ, ಬಾಣಂತನವನ್ನು ಮುಗಿಸುವುದು ಅವರ ಮನೆಯ ರೂಢಿ.

“ಜುವೈರಿಯಾಳ ನಲವತ್ತು ಮುಗಿಯುವವರೆಗೆ ಬಿಡು” ಎಂದರು. “ಅಷ್ಟರಲ್ಲಿ ಇದು ಹಾರದಿದ್ದರೆ ನೀನು ಕೇಳುವುದು ಬೇಡ, ನಾನೇ ತಂದು ಕೊಡ್ತೇನೆ.”

ಮಾತು ಬಾಯಿಂದ ಜಾರಿತು. ಜತ್ತಪ್ಪ ತಲೆಯಾಡಿಸಿ ಹೋದನು. ಮೂವತ್ತೈದು ದಿನಗಳಲ್ಲಿ ರೆಕ್ಕೆ ನೆಟ್ಟಗಾಗದಿದ್ದರೆ ತಾವು ಮುಳ್ಳಿನಿಂದ ಬಿಡಿಸಿದ ಜೀವವನ್ನು ತಮ್ಮ ಕೈಯಿಂದಲೇ ಒಲೆಯ ಕಡೆಗೆ ಒಯ್ದು ಕೊಡಬೇಕು ಎಂಬುದು ಯಾಕೂಬರಿಗೆ ಅರ್ಥವಾದದ್ದು ಅವನು ಬೇಲಿಯನ್ನು ದಾಟಿದ ಮೇಲೆ.

ಅವಸರ ಹುಟ್ಟಿದ್ದು ಅಲ್ಲಿಂದ. ದನದ ಡಾಕ್ಟರರಲ್ಲಿಗೆ ಹೋಗಿ ವಿಚಾರಿಸಿದರು. ಆ ಸಜ್ಜನರು ತಾವು ಬಾವಲಿಗೆ ಎಂದೂ ಮದ್ದು ಮಾಡಿದವರಲ್ಲವೆಂದು ಮರೆಯಿಲ್ಲದೆ ಹೇಳಿ, ಗಾಯಕ್ಕೆ ಹಚ್ಚುವ ಮುಲಾಮನ್ನು ಕೊಟ್ಟು, ಶುದ್ಧವಾದ ನೀರಿನಿಂದ ತೊಳೆಯುತ್ತಿರಿ ಎಂದರು. ಅಷ್ಟರಿಂದ ಯಾಕೂಬರಿಗೆ ಸಮಾಧಾನವಾಗಲಿಲ್ಲ. ತಗಡಿನ ಪೆಟ್ಟಿಗೆಯನ್ನು ತೆರೆದು ಎಲ್ಲಕ್ಕಿಂತ ಸಣ್ಣ ಸೂಜಿಯನ್ನು ಆರಿಸಿ ಕುದಿಯುವ ನೀರಿನಲ್ಲಿ ಅದ್ದಿದರು. ರೇಷ್ಮೆಯ ನೂಲನ್ನು ಪೋಣಿಸಿದರು. ಆಯಿಶಮ್ಮ ಬೈರಾಸಿನಲ್ಲಿ ಸುತ್ತಿದ ಬಾವಲಿಯನ್ನು ಹಿಡಿದುಕೊಂಡಿರಲು, ರೆಕ್ಕೆಯ ಸೀಳುಗಳನ್ನು ಒಂದಾದ ಮೇಲೊಂದರಂತೆ ಹೊಲಿದರು. ಹೇಗೆ ಹೊಲಿದರೆಂದರೆ, ಮೂವತ್ತು ವರ್ಷಗಳಿಂದ ಅವರ ಬೆರಳಿಗೆ ತಿಳಿದಿದ್ದ ಒಂದೇ ಬಗೆಯಲ್ಲಿ: ಅಂಚಿನ ಮೇಲೆ ಅಂಚನ್ನು ಮಡಿಚಿ, ಬಿಗಿಯಾಗಿ, ನೀರೂ ಬೆಳಕೂ ನುಸುಳದಂತೆ. ಮುಗಿದ ಮೇಲೆ ರೆಕ್ಕೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಎಲ್ಲಿಯೂ ಚುಕ್ಕೆಯಷ್ಟು ಬೆಳಕೂ ಕಾಣಲಿಲ್ಲ. ಅಂದು ಅವರು ನೆಮ್ಮದಿಯಿಂದ ಉಂಡರು.

ವಾರ ಕಳೆಯಿತು. ಬಾವಲಿ ಹಣ್ಣು ತಿನ್ನುತ್ತಿತ್ತು, ಮರಿಗೆ ಹಾಲೂಡಿಸುತ್ತಿತ್ತು, ಕೊಟ್ಟಿಗೆಯ ಅಡ್ಡಗಳುವಿನಿಂದ ತಲೆಕೆಳಗಾಗಿ ತೂಗುತ್ತ ಯಾಕೂಬರ ಹೆಜ್ಜೆಯ ಸದ್ದಿಗೆ ಕಿವಿಗಳನ್ನು ತಿರುಗಿಸುತ್ತಿತ್ತು. ಆದರೆ ಎಡದ ರೆಕ್ಕೆ ಮಾತ್ರ ಅರ್ಧಕ್ಕಿಂತ ಹೆಚ್ಚು ಬಿಚ್ಚಲೊಲ್ಲದು. ಹೊಲಿಗೆಯ ಸಾಲಿನುದ್ದಕ್ಕೂ ತೊಗಲು ಕೆಂಪಾಗಿ ಸುಕ್ಕುಗಟ್ಟಿತ್ತು. ಯಾಕೂಬರು ದಿನಕ್ಕೆ ನಾಲ್ಕು ಸಲ ಮುಲಾಮು ಹಚ್ಚಿದರು. ಹೊಲಿಗೆಯ ಮೇಲೆ ಅವರಿಗೆ ಅನುಮಾನ ಬರಲಿಲ್ಲ, ಬರುವುದಾದರೂ ಹೇಗೆ?

ಅನುಮಾನವನ್ನು ಹುಟ್ಟಿಸಿದವಳು ಮಗಳು. ಹಿಂದಿನ ಜಗಲಿಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತ ಕುಳಿತಿದ್ದ ಜುವೈರಿಯಾ, ತಂದೆ ಆ ರೆಕ್ಕೆಯನ್ನು ಬಿಡಿಸಲು ಪಡುತ್ತಿದ್ದ ಪಾಡನ್ನು ನೋಡಿ ಹೇಳಿದಳು:

“ಉಪ್ಪ, ಅದು ನನ್ನ ಮದುವೆಗೆ ಮುಂಚಿನ ರವಿಕೆಯ ಹಾಗೆ ಆಗಿದೆ. ಹೊಲಿಗೆ ಚಂದ ಉಂಟು, ಕೈ ಎತ್ತಲಿಕ್ಕೆ ಬರುವುದಿಲ್ಲ.”

ಆಯಿಶಮ್ಮ ಒಳಗಿನಿಂದಲೇ ನಕ್ಕರು. ಯಾಕೂಬರು ನಗಲಿಲ್ಲ. ರೆಕ್ಕೆಯನ್ನು ಮೆಲ್ಲನೆ ಎತ್ತಿ ಬೆಳಕಿಗೆ ಹಿಡಿದರು. ಈ ಸಲ ತೂತನ್ನು ಹುಡುಕಲಿಲ್ಲ, ತೊಗಲನ್ನು ನೋಡಿದರು. ಆಗ ಕಂಕುಳ ಹತ್ತಿರದ ಒಂದು ಎಡೆ ಕಣ್ಣಿಗೆ ಬಿತ್ತು. ಮೊದಲ ದಿನ ಕೊನೆಯ ಮುಳ್ಳನ್ನು ಕಿತ್ತದ್ದು ಅಲ್ಲಿಂದಲೇ. ಕಿರುಬೆರಳು ತೂರುವಷ್ಟು ತೂತು ಅಲ್ಲಿ ಆಗಿತ್ತು. ಹೊಲಿಯುವಾಗ ಅದು ಮಡಿಕೆಯೊಳಗೆ ಮರೆಯಾಗಿ ಅವರ ಸೂಜಿಯಿಂದ ತಪ್ಪಿಸಿಕೊಂಡಿತ್ತು. ಅವರ ಕೈಯಿಂದ ಹಾಗೆಯೇ ಉಳಿದುಹೋದ ಒಂದೇ ತೂತು ಅದು. ಈಗ ಅಲ್ಲಿ ಸುಕ್ಕಿಲ್ಲ, ಕೆಂಪಿಲ್ಲ. ಈರುಳ್ಳಿಯ ಒಳಪೊರೆಯಂತಹ ತೆಳ್ಳನೆಯ ಹೊಸ ತೊಗಲು ನಾಲ್ಕೂ ಕಡೆಯಿಂದ ಹಬ್ಬಿ, ನಡುವೆ ಸಾಸಿವೆಯಷ್ಟು ಎಡೆಯನ್ನು ಮಾತ್ರ ಬಿಟ್ಟಿತ್ತು.

ಅವರು ರೆಕ್ಕೆಯನ್ನು ಮೆಲ್ಲನೆ ಮಡಿಚಿ ಇಳಿಸಿದರು.

“ಆಯಿಶಾ,” ಎಂದು ಕರೆದರು. “ಬಟ್ಟೆ ಬೆಳೆಯುವುದಿಲ್ಲ, ಅದಕ್ಕೆ ನಾವು ಹೊಲಿಯುವುದು. ಇದು ಬೆಳೆಯುತ್ತದೆ. ನಾನು ಅದಕ್ಕೆ ಬೆಳೆಯಲಿಕ್ಕೆ ಜಾಗವನ್ನೇ ಇಡಲಿಲ್ಲ.” ಆ ಮೇಲೆ ಬಾವಲಿಯ ಕಡೆಗೆ ಬಾಗಿ, ಮನುಷ್ಯರಿಗೆ ಹೇಳುವಂತೆಯೇ, “ತಪ್ಪಾಯಿತು” ಎಂದರು.

ಎರಡು ಬೆಳಗು ಕುಳಿತು ಒಂದೊಂದೇ ನೂಲನ್ನು ಕತ್ತರಿಸಿ, ನೋಯದಂತೆ ಎಳೆದು ತೆಗೆದರು. ಸೀಳುಗಳು ಮತ್ತೆ ಬಾಯ್ದೆರೆದವು. ಅವುಗಳನ್ನು ತೊಳೆದು, ಮುಲಾಮು ಸವರಿ, ಹಾಗೆಯೇ ಬಿಟ್ಟರು. ಬರೆಯುವುದಕ್ಕೆ ಇದು ಒಂದು ಸಾಲಿನ ಮಾತು. ಆದರೆ ಕಣ್ಣೆದುರಿಗೆ ತೂತುಗಳಿರುವಾಗ ಕೈಕಟ್ಟಿ ಕುಳಿತಿರುವುದು ಆ ಮನುಷ್ಯನಿಗೆ ಎಂತಹ ವ್ರತವಾಗಿತ್ತೆಂಬುದನ್ನು ಆಯಿಶಮ್ಮನವರೇ ಬಲ್ಲರು. ದಿನಕ್ಕೆ ಹತ್ತು ಸಲ ಕೊಟ್ಟಿಗೆಗೆ ಹೋಗಿ ಬರುತ್ತಿದ್ದರಂತೆ. ಹೋದಾಗಲೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರಂತೆ.

ಸೃಷ್ಟಿಕರ್ತನ ನೇಯ್ಗೆಗೆ ಸೂಜಿಯೂ ಬೇಡ, ನೂಲೂ ಬೇಡ. ತೊಗಲು ದಿನದಿನಕ್ಕೆ ಹಬ್ಬಿತು. ಸಣ್ಣ ಸೀಳುಗಳು ಮೊದಲು ಕೂಡಿದವು, ದೊಡ್ಡವು ಆ ಮೇಲೆ. ಮಗುವಿಗೆ ಮೂವತ್ತು ದಿನ ತುಂಬುವ ಹೊತ್ತಿಗೆ ಬಾವಲಿ ಎರಡೂ ರೆಕ್ಕೆಗಳನ್ನು ಒಂದೇ ಅಳತೆಗೆ ಬಿಚ್ಚಿ ಗಾಳಿ ಬೀಸಿಕೊಳ್ಳತೊಡಗಿತು. ಮರಿಯೂ ಬಲಿತು ತಾಯಿಯ ಪಕ್ಕದಲ್ಲಿ ತಾನೇ ತೂಗಲು ಕಲಿಯಿತು.

ಯಾಕೂಬರು ಸಂತೋಷದಿಂದ ಅದನ್ನು ಅಂಗಳಕ್ಕೆ ತಂದು ಬಟ್ಟೆ ಒಣಗಿಸುವ ಹಗ್ಗಕ್ಕೆ ತೂಗಹಾಕಿದರು. ಬಾವಲಿ ರೆಕ್ಕೆ ಬಡಿಯಿತು, ಹಗ್ಗವನ್ನು ಬಿಟ್ಟಿತು, ನೆಲಕ್ಕೆ ಬಿದ್ದಿತು. ಬಿದ್ದಲ್ಲಿಂದ ಏಳಲಾರದೆ ಮೊಣಕೈಗಳ ಮೇಲೆ ತೆವಳುತ್ತ ಬಂದು ಅವರ ಲುಂಗಿಯ ಅಂಚನ್ನು ಹಿಡಿದುಕೊಂಡಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಬೇಲಿಯಾಚೆ ಜತ್ತಪ್ಪ ನಿಂತು ನೋಡುತ್ತಿದ್ದನು. ಎಂದಿನಂತೆ ಒಂದು ಕೊಂಕುಮಾತನ್ನಾದರೂ ಎಸೆಯುವನೆಂದು ಯಾಕೂಬರು ಕಾದರು. ಅವನು ಏನೂ ಹೇಳದೆ ತನ್ನ ಮರದ ಕಡೆಗೆ ಹೋದನು. ಮತ್ತೆ ಮೂರು ನಾಲ್ಕು ದಿನ ಅವನು ಆ ಬೇಲಿಯ ಹತ್ತಿರ ಸುಳಿಯಲೇ ಇಲ್ಲ.

ಹೀಗೆ ನಲವತ್ತನೆಯ ಬೆಳಗು ಬಂದಿತು. ಒಳಗೆ ಮಗಳ ಸ್ನಾನಕ್ಕೆ ನೀರು ಕಾಯುತ್ತಿತ್ತು. ತುಪ್ಪದ ಅನ್ನಕ್ಕೆ ಅಕ್ಕಿಯನ್ನು ತೊಳೆಯುತ್ತಿದ್ದರು. ಬರಬೇಕಾದ ನೆಂಟರ ಹೆಸರುಗಳು ಅಡುಗೆಮನೆಯಲ್ಲಿ ಕೇಳಿಬರುತ್ತಿದ್ದವು. ಯಾಕೂಬರು ನಮಾಜಿನಿಂದ ಬಂದವರೇ ಕೊನೆಯ ಸಲವೆಂದು ಬಾವಲಿಯನ್ನು ಹಗ್ಗಕ್ಕೆ ತೂಗಹಾಕಿದರು. ಅದು ಬಿದ್ದಿತು. ಅವರು ಅದನ್ನು ಎತ್ತಿ, ಮೈಮೇಲಿನ ಮಣ್ಣನ್ನು ಒರಸಿ, ಹಳೆಯ ಕೊಡೆಬಟ್ಟೆಯ ಚೀಲದೊಳಗೆ ತಾಯಿ ಮರಿಗಳೆರಡನ್ನೂ ಇಳಿಸಿದರು. ಆಯಿಶಮ್ಮ ಬಾಗಿಲಿಗೆ ಬಂದು ಚೀಲವನ್ನೂ ಗಂಡನ ಮುಖವನ್ನೂ ನೋಡಿದರು. ಈ ದಿನವೇ ಕೊಡಬೇಕೇ ಎಂದು ಮಾತ್ರ ಕೇಳಿದರು. ಹೇಳಿದ ದಿನ ಇದೇ ಎಂದು ಯಾಕೂಬರು ಉತ್ತರಿಸಿ ಬೇಲಿಯನ್ನು ದಾಟಿದರು.

ಜತ್ತಪ್ಪ ಜಗಲಿಯಲ್ಲಿ ಕುಳಿತು ಮರವೇರುವ ಕತ್ತಿಯನ್ನು ಮಸೆಯುತ್ತಿದ್ದನು. ಒಳಗಿನಿಂದ ಅವನ ತಾಯಿಯ ಉಸಿರಿನ ಸದ್ದು ಬರುತ್ತಿತ್ತು; ಇರುಳೆಲ್ಲ ಗೋಡೆಗೆ ಒರಗಿ ಕುಳಿತೇ ಇದ್ದ ಮುದುಕಿಯ ಸದ್ದು ಅದು.

“ತಂದಿದ್ದೇನೆ” ಎಂದರು ಯಾಕೂಬರು. “ಮರಿಯನ್ನು ಮಾತ್ರ ನನಗೆ ಬಿಡು. ಅದು ಈಗ ಹಣ್ಣಿಗೆ ಬಾಯಿ ಹಾಕ್ತದೆ, ಹೇಗಾದರೂ ಸಾಕಿಕೊಳ್ತೇನೆ.”

ಜತ್ತಪ್ಪ ಕತ್ತಿಯನ್ನು ಕೆಳಗಿಟ್ಟನು. ಚೀಲಕ್ಕೆ ಕೈಚಾಚಲಿಲ್ಲ. ಒಳಗಿನ ಆ ಸದ್ದನ್ನು ಕೇಳುತ್ತ, ಕಲ್ಲಿನ ಮೇಲಿನ ನೀರನ್ನು ಬೆರಳಿನಿಂದ ಒರಸಿದನು. ಯಾಕೂಬರ ಕೈಯಲ್ಲಿದ್ದ ಚೀಲ ಒಳಗಿನಿಂದ ಮೆಲ್ಲಗೆ ಅಲುಗುತ್ತಿತ್ತು.

“ಸಾಯ್ಬರೇ, ಅದು ಹಾರ್ತದೆ” ಎಂದನು ಕೊನೆಗೆ.

“ಬಿತ್ತಲ್ಲ. ಈಗಲೂ ಬಿತ್ತು.”

“ಒಳ್ಳೆ ಗಟ್ಟಿ ಬಾವಲಿಯನ್ನು ತಂದು ಆ ಹಗ್ಗಕ್ಕೆ ಹಾಕಿ, ಅದೂ ಬೀಳ್ತದೆ. ಕಾಗೆಯ ಹಾಗೆ ನೆಲದಿಂದ ಏಳುವ ಜಾತಿ ಅಲ್ಲ ಅದು. ಮೊದಲು ಬೀಳಬೇಕು, ಬೀಳ್ತಾ ಬೀಳ್ತಾ ರೆಕ್ಕೆಗೆ ಗಾಳಿ ಹಿಡಿಯಬೇಕು. ಅದಕ್ಕೆ ಎತ್ತರ ಬೇಕು. ನಾನು ದಿನ ಬೆಳಗಾದರೆ ಮರದ ಮೇಲೆ ಇವುಗಳನ್ನು ನೋಡುವವ.” ಅವನ ಧ್ವನಿ ಇಳಿಯಿತು. “ನೀವು ಮೊದಲ ಸಲ ಹಗ್ಗಕ್ಕೆ ಹಾಕಿದಾಗಲೇ ನನಗೆ ಗೊತ್ತಿತ್ತು.”

ಗೊತ್ತಿದ್ದೂ ಏಕೆ ಹೇಳಲಿಲ್ಲವೆಂದು ಯಾಕೂಬರು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಉತ್ತರ ಒಳಕೋಣೆಯಿಂದ ಕೇಳಿಬರುತ್ತಲೇ ಇತ್ತು. ಅವರು ಜಗಲಿಯ ಅಂಚಿನಲ್ಲಿ ಕುಳಿತರು. ಆಗ ಅವರಿಗೆ ತಮ್ಮ ಇನ್ನೊಂದು ಕೊರತೆ ಕಾಣಿಸಿತು. ಇಷ್ಟು ದಿನವೂ ಬಾವಲಿಯ ಉಸಿರನ್ನು ಕಾಯುತ್ತಿದ್ದವರು, ಈ ಮುದುಕಿಯ ಉಸಿರಿಗೆ ಬೇರೆ ದಾರಿ ಉಂಟೇ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮಾಂಸವನ್ನು ಕೊಡಬೇಕೇ ಬೇಡವೇ ಎಂಬುದರಲ್ಲಿಯೇ ಅವರ ಚಿಂತೆ ನಿಂತುಬಿಟ್ಟಿತ್ತು.

“ನನ್ನದೂ ತಪ್ಪಾಯಿತು ಮಾರಾಯ” ಎಂದರು. “ನಾಳೆ ಅಮ್ಮನನ್ನು ಮಂಗಳೂರಿಗೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವ. ನಾನೂ ಬರ್ತೇನೆ.”

“ಬಸ್ಸು ಹತ್ತುವುದಿಲ್ಲ ಅವಳು. ನಾನು ಕರೆದು ಸೋತಿದ್ದೇನೆ.”

ಉಬ್ಬಸದ ನಡುವೆಯೇ ಒಳಗಿನಿಂದ ಮುದುಕಿಯ ಮಾತು ಬಂದಿತು: “ನೀನು ಕರೆದರೆ ಯಾರು ಬರ್ತಾರೆ? ನೀನು ನಡೆಯುವುದು ಮರ ಹತ್ತಿದ ಹಾಗೆ, ನನ್ನನ್ನು ಹಿಂದೆ ಬಿಟ್ಟು. ಯಾಕೂಬ ಬರುವುದಾದರೆ ಬರ್ತೇನೆ.”

ಜತ್ತಪ್ಪ ಎದ್ದು ನಿಂತು, ಚೀಲವನ್ನು ತನ್ನ ಕೈಗೆ ತೆಗೆದುಕೊಂಡು, ಸಂಜೆಯಾಗಲಿ, ಗೋಳಿಮರದ ಉಳಿದ ಬಾವಲಿಗಳು ಹೊರಡುವ ಹೊತ್ತಿಗೆ ತಾನೇ ಮರ ಹತ್ತುವೆನೆಂದು ಹೇಳಿದನು.

ಆ ಸಂಜೆ ಮಳೆ ಬಿಡುವು ಕೊಟ್ಟಿತ್ತು. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ನಲವತ್ತಿನ ಊಟ ಮುಗಿಸಿದ ನೆಂಟರೆಲ್ಲ ಹೋಗಿದ್ದರು. ಗೋಳಿಮರದಲ್ಲಿ ನೂರಾರು ಬಾವಲಿಗಳು ಎಚ್ಚತ್ತು ಕಿಚಿಗುಟ್ಟುತ್ತಿದ್ದವು. ಅದರ ಪಕ್ಕದ ತೆಂಗಿನ ಬುಡದಲ್ಲಿ ಜತ್ತಪ್ಪ ಕಾಲಿಗೆ ಹಗ್ಗದ ತಳೆಯನ್ನು ಹಾಕಿಕೊಂಡು, ಕಳ್ಳಿನ ಕುಡಿಕೆಯನ್ನು ಕಟ್ಟುವ ಸೊಂಟದ ಕೊಕ್ಕೆಗೆ ಆ ಚೀಲವನ್ನು ಸಿಕ್ಕಿಸಿಕೊಂಡು ಮೇಲೇರಿದನು. ಕೆಳಗೆ ಯಾಕೂಬರೂ ಆಯಿಶಮ್ಮನೂ ಅಂಗಡಿಯ ಮುಂದೆ ಬಿಡಿಸುವ ದೊಡ್ಡ ಕೊಡೆಯ ಬಟ್ಟೆಯನ್ನು ಎರಡು ತುದಿಗಳಲ್ಲಿ ಬಿಗಿಯಾಗಿ ಹಿಡಿದು ನಿಂತರು. ಬಿದ್ದರೆ ನೆಲಕ್ಕೆ ಬೀಳದಿರಲಿ ಎಂದು. ಜುವೈರಿಯಾ ಮಗುವನ್ನು ಎದೆಗವಚಿಕೊಂಡು ಜಗಲಿಯಲ್ಲಿ ನಿಂತಳು.

ಜತ್ತಪ್ಪ ತಾಯಿಯನ್ನು ಒಂದು ಮಡಲಿನ ದಂಟಿಗೂ ಮರಿಯನ್ನು ಪಕ್ಕದ ದಂಟಿಗೂ ತೂಗಹಾಕಿದನು. ಬಾವಲಿ ಅಲುಗಲಿಲ್ಲ. ಗೋಳಿಮರದಿಂದ ಮೊದಲ ಗುಂಪು ಹೊರಟಿತು, ಎರಡನೆಯದೂ ಹೊರಟಿತು. ಅದು ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿತು, ಎಡರೆಕ್ಕೆಯನ್ನು ಒಮ್ಮೆ ನೆಕ್ಕಿಕೊಂಡಿತು, ಆ ಮೇಲೆ ಹಿಡಿದ ದಂಟನ್ನು ಬಿಟ್ಟಿತು.

ಕಲ್ಲು ಬೀಳುವಂತೆ ಬಿದ್ದಿತು. ಯಾಕೂಬರು ಬಟ್ಟೆಯನ್ನು ಎಳೆದು ಹಿಡಿದು ಕಣ್ಣು ಮುಚ್ಚಿದರು. ಬಟ್ಟೆಯ ಮೇಲೆ ಏನೂ ಬೀಳಲಿಲ್ಲ. ನೆತ್ತಿಯ ಮೇಲೆ ಗಾಳಿಯೊಂದು ಬೀಸಿಹೋಯಿತು. ಕಣ್ಣು ತೆರೆದಾಗ ಬಾವಲಿ ಹೊಳೆಯ ಮೇಲಿತ್ತು. ಎರಡೂ ರೆಕ್ಕೆಗಳನ್ನು ಅಗಲಿಸಿ ನೀರಿನ ಮೇಲೆ ತಗ್ಗಿ, ಮತ್ತೆ ಎದ್ದು, ಆಚೆ ದಡದ ಕತ್ತಲಿನೊಳಗೆ ಸೇರಿಹೋಯಿತು.

ಮಡಲಿನ ಮೇಲೆ ಮರಿ ಕೂಗತೊಡಗಿತು. ಜತ್ತಪ್ಪ ಇಳಿಯಲಿಲ್ಲ, ಒಂದು ಕೈಯಿಂದ ಮರವನ್ನು ತಬ್ಬಿ, ಇನ್ನೊಂದು ಕೈಯನ್ನು ಮರಿಯ ಕೆಳಗೆ ಒಡ್ಡಿಕೊಂಡೇ ನಿಂತನು. ಕೆಳಗಿನವರು ಬಟ್ಟೆಯನ್ನು ಬಿಡಲಿಲ್ಲ. ಹೀಗೆ ಎಷ್ಟು ಹೊತ್ತಾಯಿತೋ ಯಾರೂ ಅರಿಯರು. ಆಚೆ ದಡದಿಂದ ಒಂದು ಕರಿಯ ಚುಕ್ಕೆ ಹೊರಟು, ದೊಡ್ಡದಾಗುತ್ತ ಬಂದು, ತೆಂಗಿನ ತಲೆಯನ್ನು ಎರಡು ಸಲ ಸುತ್ತಿ ಅದೇ ದಂಟಿಗೆ ಬಂದು ತೂಗಿತು. ಮರಿ ನೆಗೆದು ಅದರ ಎದೆಯನ್ನು ಹಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಎರಡು ಜೀವಗಳ ಭಾರವನ್ನು ಹೊತ್ತ ಆ ರೆಕ್ಕೆಗಳು ಗೋಳಿಮರದ ಕೊಂಬೆಗಳೊಳಗೆ ಹೊಕ್ಕವು.

ಜತ್ತಪ್ಪ ಕೆಳಗಿಳಿದು ಕಾಲಿನ ತಳೆಯನ್ನು ಕಳಚಿದನು. ಅವನು ಕುಡಿಯಲು ನೀರು ಕೇಳಿದನು. ಆಯಿಶಮ್ಮ ನೀರನ್ನೂ, ಮನೆಯಲ್ಲಿ ಉಳಿದಿದ್ದ ತುಪ್ಪದ ಅನ್ನವನ್ನೂ ತಂದುಕೊಟ್ಟರು.

ಮರುದಿನ ಮೂವರೂ ಬಸ್ಸು ಹತ್ತಿದರು. ಬಾವಲಿಯ ಮಾಂಸದಿಂದ ದಮ್ಮು ಹೋಗುವುದೆಂಬುದನ್ನು ಮಂಗಳೂರಿನ ಡಾಕ್ಟರರು ಒಪ್ಪಲಿಲ್ಲ. ಬಾಯಲ್ಲಿಟ್ಟು ಉಸಿರಿನೊಡನೆ ಎಳೆದುಕೊಳ್ಳುವ ಮದ್ದನ್ನು ಕೊಟ್ಟು ಅದನ್ನು ಬಳಸುವ ಕ್ರಮವನ್ನು ಕಲಿಸಿದರು. ಕಾಯಿಲೆ ಬೇರುಸಹಿತ ಹೋಗಲಿಲ್ಲ. ಆದರೆ ಆ ಮಳೆಗಾಲದ ಉಳಿದ ಇರುಳುಗಳಲ್ಲಿ ಆಕೆ ಮಲಗಿ ನಿದ್ರಿಸಿದಳು. ಆ ಮೇಲೆಯೂ ಏಳು ಮಳೆಗಾಲಗಳನ್ನು ಕಂಡಳು.

ಯಾಕೂಬರು ಇಂದಿಗೂ ಎಪ್ರಿಲ್ ಬಂದರೆ ಮೂಡುಬಿದಿರೆಗೂ ಬೆಳ್ತಂಗಡಿಗೂ ಹೋಗುತ್ತಾರೆ. ಕೊಡೆಗಳು ಅಗ್ಗವಾಗಿವೆ, ರಿಪೇರಿಗೆ ತರುವವರು ವಿರಳವಾಗಿದ್ದಾರೆ. ಆದರೂ ಗಾಯಗೊಂಡ ಗಿಡುಗವನ್ನೋ ಕಾಲು ಕುಂಟುವ ಮುಂಗುಸಿಯನ್ನೋ ಬಟ್ಟೆಯಲ್ಲಿ ಸುತ್ತಿ ಅವರ ಮುಂದೆ ತಂದಿಡುವವರಿದ್ದಾರೆ. ಅವರು ಮೊದಲು ಮುಟ್ಟುವುದಿಲ್ಲ. ಆ ಪ್ರಾಣಿಯ ನಡೆಯನ್ನು ಬಲ್ಲವರು ಯಾರೆಂದು ವಿಚಾರಿಸುತ್ತಾರೆ. ಮರ ಹತ್ತುವವನನ್ನು ಕೇಳುತ್ತಾರೆ, ಹೊಳೆಗೆ ಬಲೆ ಬೀಸುವವನನ್ನು ಕೇಳುತ್ತಾರೆ, ಡಾಕ್ಟರರನ್ನು ಕೇಳುತ್ತಾರೆ. ಕೇಳಿದ ಮೇಲೆಯೇ ಕೈಹಾಕುತ್ತಾರೆ.

ಎಲ್ಲ ಜೀವಗಳಿಗೂ ಒಡೆಯನಾದವನು ಈ ಯಾಕೂಬರಿಗೆ ನೀಳವಾದ ಆಯುಸ್ಸನ್ನೂ ನಡುಗದ ಬೆರಳುಗಳನ್ನೂ ಕರುಣಿಸಲಿ. ಆಯಿಶಮ್ಮನವರ ಒಲೆಯಲ್ಲಿ ಬೆಂಕಿಯೂ ಪಂಕ್ತಿಯಲ್ಲಿ ಅತಿಥಿಯೂ ಎಂದೆಂದಿಗೂ ಕಡಿಮೆಯಾಗದಿರಲಿ. ಜುವೈರಿಯಾಳ ಮಗ ಇಹ್ಸಾನ್ ತಾಯಿಯ ಕಣ್ಣಿಗೆ ತಂಪಾಗಿ, ಅಜ್ಜನ ಹೆಗಲಿಗೆ ಆಸರೆಯಾಗಿ ಬಾಳಲಿ. ಆ ಮನೆಯಲ್ಲಿ ಹುಟ್ಟಿದವರಿಗೂ, ಆ ಮನೆಗೆ ಬಂದು ಸೇರಿದವರಿಗೂ, ನೋವಿನಿಂದ ಅದರ ಬಾಗಿಲಿಗೆ ಬಂದ ಬಾಯಿಲ್ಲದ ಜೀವಗಳಿಗೂ ಒಳಿತೇ ಒದಗಲಿ, ಬೆಳಗುಬೆಳಗಿಗೂ ಒದಗಲಿ.